ಶ್ರದ್ಧೆ, ಅಧಿಕಾರ ಮತ್ತು ಲೌಕಿಕ ಸಮಾಜ: ಬಿಷಪ್ ನ್ಯೂಬಿಗಿನ್ನರ ಇಸ್ಲಾಂ ವಿಚಾರದ ಒಂದು ವಿಮರ್ಶೆ

೧

ಕ್ರೈಸ್ತಮತವೂ ಇಸ್ಲಾಮೂ ಒಂದನ್ನೊಂದು ಅರಿಯತೊಡಗಿ ಹದಿಮೂರು ಶತಮಾನಗಳಿಗೂ ಮೀರಿದ ಕಾಲ ಸಂದಿದೆ. ಆ ಪರಿಚಯ ರಣರಂಗಗಳಲ್ಲಿ ನಡೆದಂತೆಯೇ ಟೊಲೆಡೊ, ಪಲೆರ್ಮೊ ಮುಂತಾದ ನಗರಗಳ ಅನುವಾದಕರ ನಡುವೆಯೂ ನಡೆಯಿತು. ಆದರೆ ಈ ದೀರ್ಘ ಚರಿತ್ರೆಯಲ್ಲಿ ಬಹುಮಟ್ಟಿಗೆ ಸ್ಥಿರವಾಗಿದ್ದ ಒಂದು ಲಕ್ಷಣವುಂಟು. ಇಬ್ಬರೂ ಎಲ್ಲಿ ಸಂಧಿಸಿದರೂ ಅಲ್ಲಿ ಒಬ್ಬರು ನಾಡಿನ ಒಡೆಯರು. ಮತ್ತೊಬ್ಬರು ಅಧೀನರು, ಅತಿಥಿಗಳು ಇಲ್ಲವೆ ಶತ್ರುಗಳು. ಎರಡನೆಯ ಮಹಾಯುದ್ಧದ ಅನಂತರ ಪಶ್ಚಿಮ ಯೂರೋಪಿನಲ್ಲಿ ಈ ಲಕ್ಷಣ ಬದಲಾಯಿತು. ಮೀರ್‌ಪುರ, ಸಿಲ್ಹೆಟ್ ಪ್ರಾಂತಗಳಿಂದ ಬ್ರಿಟನ್ನಿಗೂ, ಅಲ್ಜೀರಿಯದಿಂದ ಫ್ರಾನ್ಸಿಗೂ, ೧೯೬೧ರ ಒಪ್ಪಂದದ ಮೇರೆಗೆ ತುರ್ಕಿಯಿಂದ ಪಶ್ಚಿಮ ಜರ್ಮನಿಗೂ ದುಡಿಮೆಗಾರರು ಬಂದು ನೆಲಸಿದರು. ಹೀಗೆ ಬಂದ ಮುಸ್ಲಿಮರು ಸಂಧಿಸಿದ್ದು ಕ್ರೈಸ್ತಮತವನ್ನು ಮಾತ್ರವಲ್ಲ. ಕ್ರೈಸ್ತಮತವನ್ನು ಮನೆಯ ಒಳಕೋಣೆಗೆ ಕಳುಹಿಸಿ, ಪಡಸಾಲೆಯಲ್ಲಿ ತಾನೇ ಕುಳಿತಿದ್ದ ಮೂರನೆಯವನೊಬ್ಬನನ್ನು. ಅವನೇ ಲೌಕಿಕ ಸಮಾಜ.

ಈ ಮೂವರ ಭೇಟಿಯ ವಿಷಯವಾಗಿ ಇಂಗ್ಲಿಷಿನಲ್ಲಿ ಬಂದಿರುವ ಗ್ರಂಥಗಳು ಅಸಂಖ್ಯಾತ. ಅವುಗಳಲ್ಲಿ ನಮ್ಮ ನಾಡಿನ ಓದುಗರು ಲಕ್ಷ್ಯವಿಟ್ಟು ನೋಡಬೇಕಾದದ್ದು ೧೯೯೮ರಲ್ಲಿ ಲಂಡನ್ನಿನಿಂದ ಪ್ರಕಟವಾದ 'ಫೇತ್ ಅಂಡ್ ಪವರ್' ಎಂಬ ಕೃತಿ. ಹೆಸರಿನ ಅರ್ಥ 'ಶ್ರದ್ಧೆ ಮತ್ತು ಅಧಿಕಾರ'. ಲೆಸ್ಲಿ ನ್ಯೂಬಿಗಿನ್, ಲಾಮಿನ್ ಸಾನೆ, ಜೆನಿ ಟೇಲರ್ ಎಂಬ ಮೂವರು ಸೇರಿ ಬರೆದ ಈ ಗ್ರಂಥದ ವಸ್ತು 'ಲೌಕಿಕ'ವೆನಿಸಿಕೊಂಡ ಬ್ರಿಟನ್ನಿನಲ್ಲಿ ಕ್ರೈಸ್ತಮತ ಮತ್ತು ಇಸ್ಲಾಂ. ನ್ಯೂಬಿಗಿನ್ನರು ಅದೇ ವರ್ಷದ ಜನವರಿ ೩೦ರಂದು ತೀರಿಕೊಂಡರು. ದಕ್ಷಿಣ ಭಾರತದಲ್ಲಿ ಸುಮಾರು ಮೂರು ದಶಕಗಳ ಕಾಲ ದುಡಿದು, ಮಧುರೆಯಲ್ಲಿಯೂ ಮದರಾಸಿನಲ್ಲಿಯೂ ಬಿಷಪ್ಪರಾಗಿದ್ದವರ ವಿಚಾರವನ್ನು ದಕ್ಷಿಣ ಭಾರತದಿಂದಲೇ ಪರಿಶೀಲಿಸುವುದು ಅನುಚಿತವಾಗಲಾರದು.

ಮೊದಲು ಪದಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷಿನ ಸೆಕ್ಯುಲರ್ ಎಂಬ ಒಂದೇ ಶಬ್ದಕ್ಕೆ ನಾವು 'ಲೌಕಿಕ', 'ಮತನಿರಪೇಕ್ಷ', 'ಜಾತ್ಯತೀತ' ಎಂದು ಮೂರು ಮಾತುಗಳನ್ನು ಬಳಸುತ್ತೇವೆ. ಇದನ್ನು ನಮ್ಮ ಭಾಷೆಯ ಬಡತನವೆನ್ನುವವರಿದ್ದಾರೆ. ಪ್ರಕೃತ ವಿಷಯದಲ್ಲಂತೂ ಇದು ಸಂಪತ್ತೇ ಸರಿ. ಇಹಲೋಕವೊಂದೇ ಸತ್ಯವೆಂದು ಬಾಳುವ ಸಮಾಜ ಬೇರೆ. ಯಾವ ಮತದ ಪಕ್ಷವನ್ನೂ ಹಿಡಿಯದ ರಾಜ್ಯ ಬೇರೆ. ಮೊದಲನೆಯದನ್ನು 'ಲೌಕಿಕ'ವೆಂದೂ ಎರಡನೆಯದನ್ನು 'ಮತನಿರಪೇಕ್ಷ'ವೆಂದೂ ಇಲ್ಲಿ ಕರೆಯಲಾಗಿದೆ. ಈ ಭೇದದ ಪ್ರಯೋಜನವೇನೆಂಬುದು ಮುಂದೆ ಸ್ಪಷ್ಟವಾಗುವುದು.

೨

ನ್ಯೂಬಿಗಿನ್ನರು ೧೯೦೯ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ಜನಿಸಿದರು. ೧೯೩೬ರಲ್ಲಿ ಸ್ಕಾಟ್ಲೆಂಡಿನ ಧರ್ಮಸಭೆಯ ಪಾದ್ರಿಯಾಗಿ ಮದರಾಸು ಪ್ರಾಂತಕ್ಕೆ ಬಂದು ಕಾಂಚೀಪುರದಲ್ಲಿ ನೆಲಸಿದರು. ಅಲ್ಲಿನ ರಾಮಕೃಷ್ಣ ಆಶ್ರಮದಲ್ಲಿ ವಾರಕ್ಕೊಂದು ಸಂಜೆ ಸನ್ಯಾಸಿಗಳೊಡನೆ ನೆಲದ ಮೇಲೆ ಕುಳಿತು ಉಪನಿಷತ್ತನ್ನೂ ಯೋಹಾನನ ಸುವಾರ್ತೆಯನ್ನೂ ಓದುತ್ತಿದ್ದರು. ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಧರ್ಮಸಭೆ ಸ್ಥಾಪಿತವಾದಾಗ ಅದರ ಮೊದಲ ಬಿಷಪ್ಪರಲ್ಲಿ ಅವರೂ ಒಬ್ಬರು. ೧೯೫೯ರಿಂದ ಕೆಲವು ವರ್ಷ ಅಂತಾರಾಷ್ಟ್ರೀಯ ಕ್ರೈಸ್ತ ಸಂಸ್ಥೆಗಳಲ್ಲಿ ಕೆಲಸಮಾಡಿ, ೧೯೬೫ರಿಂದ ೧೯೭೪ರವರೆಗೆ ಮದರಾಸಿನ ಬಿಷಪ್ಪರಾಗಿದ್ದರು.

ನಿವೃತ್ತರಾದ ಬಳಿಕ ಅವರು ಪತ್ನಿಯೊಡನೆ ಊರಿಂದೂರಿಗೆ ಬಸ್ಸು ಹಿಡಿಯುತ್ತ ನೆಲದ ಮಾರ್ಗವಾಗಿಯೇ ಇಂಗ್ಲೆಂಡಿಗೆ ಮರಳಿದರು. ಪಾಕಿಸ್ತಾನ, ಅಫ್ಘಾನಿಸ್ತಾನ, ಇರಾನ್, ತುರ್ಕಿಗಳನ್ನು ಹಾದುಹೋದ ಆ ಪ್ರಯಾಣದಲ್ಲಿ ಒಂದು ಭಾನುವಾರ ಕಪ್ಪದೋಕಿಯ ಎಂಬ ಸೀಮೆಯಲ್ಲಿ ಕಳೆಯಿತು. ನಾಲ್ಕನೆಯ ಶತಮಾನದಲ್ಲಿ ಬಾಸಿಲ್, ನಿಸ್ಸದ ಗ್ರೆಗೊರಿ, ನಾಜಿಯಾನ್ಸಸ್ಸಿನ ಗ್ರೆಗೊರಿ ಎಂಬ ಮಹಾ ಆಚಾರ್ಯರನ್ನು ಕೊಟ್ಟ ಸೀಮೆಯದು. ಅಲ್ಲಿ ಜೊತೆಗೂಡಿ ಆರಾಧಿಸಲು ಒಬ್ಬ ಕ್ರೈಸ್ತನೂ ಸಿಗದೆ ದಂಪತಿಗಳಿಬ್ಬರೇ ಪ್ರಾರ್ಥಿಸಬೇಕಾಯಿತು. ಇಡೀ ಪ್ರಯಾಣದಲ್ಲಿ ಹೀಗಾದದ್ದು ಅಲ್ಲಿ ಮಾತ್ರ. ಒಂದು ನಾಡಿನ ಶ್ರದ್ಧೆ ಹೇಳಹೆಸರಿಲ್ಲದಂತೆ ಅಳಿಯಬಲ್ಲುದು ಎಂಬ ಅರಿವನ್ನು ಅವರು ಆತ್ಮಕಥೆಯಲ್ಲಿ ಸ್ಮರಿಸುತ್ತಾರೆ. ಮುಂದಿನ ಅವರ ಬರಹದ ಆತಂಕಕ್ಕೆಲ್ಲ ಈ ಭಾನುವಾರವೇ ಮೂಲವೆನ್ನುವುದು ಅತಿಶಯೋಕ್ತಿಯಾದೀತು. ಆದರೆ ಅದರ ನೆರಳು ಆ ಬರಹದ ಮೇಲೆ ಬಿದ್ದಿಲ್ಲವೆನ್ನಲಾಗದು.

ಬರ್ಮಿಂಗಮ್ಮಿನಲ್ಲಿ ಅವರು ಮೊದಲು ಸೆಲಿ ಓಕ್ ಕಾಲೇಜುಗಳಲ್ಲಿ ಅಧ್ಯಾಪಕರಾಗಿದ್ದರು. ಎಪ್ಪತ್ತರ ವಯಸ್ಸಿನಲ್ಲಿ ವಿನ್ಸನ್ ಗ್ರೀನ್ ಎಂಬ ಬಡಾವಣೆಯ, ಸೆರೆಮನೆಯ ಎದುರಿಗಿದ್ದ ಒಂದು ಸಣ್ಣ ದೇವಾಲಯದ ಹೊಣೆ ಹೊತ್ತರು. ಏಷ್ಯದಿಂದ ವಲಸೆ ಬಂದ ಕುಟುಂಬಗಳು ನೆರೆಹೊರೆಯಲ್ಲಿದ್ದವು. ಭಾರತದಲ್ಲಿ ಕಂಡ ವಿರೋಧಕ್ಕಿಂತ ತಮ್ಮ ನಾಡಿನವರ ತಣ್ಣನೆಯ ತಾತ್ಸಾರವನ್ನು ಎದುರಿಸುವುದೇ ಕಷ್ಟವಾಯಿತೆಂದು ಅವರು ಹೇಳಿಕೊಂಡಿದ್ದಾರೆ.

೩

ಈ ಅನುಭವದಿಂದ ಹುಟ್ಟಿದ ವಾದವು 'ದಿ ಅದರ್ ಸೈಡ್ ಆಫ್ ೧೯೮೪' (೧೯೮೩), 'ಫೂಲಿಷ್‌ನೆಸ್ ಟು ದ ಗ್ರೀಕ್ಸ್' (೧೯೮೬), 'ದ ಗಾಸ್ಪೆಲ್ ಇನ್ ಎ ಪ್ಲೂರಲಿಸ್ಟ್ ಸೊಸೈಟಿ' (೧೯೮೯) ಎಂಬ ಕೃತಿಗಳಲ್ಲಿ ಕ್ರಮವಾಗಿ ಬೆಳೆಯಿತು. ಅದರ ಸಾರ ಇಷ್ಟು. ಜ್ಞಾನೋದಯ ಯುಗದ ತರುವಾಯ ಪಶ್ಚಿಮದ ಸಮಾಜವು ಬದುಕನ್ನು ಎರಡಾಗಿ ಸೀಳಿತು. ಒಂದು ಕಡೆ 'ಸಂಗತಿ'ಗಳ ಸಾರ್ವಜನಿಕ ಕ್ಷೇತ್ರ. ಅಲ್ಲಿ ವಿಜ್ಞಾನವೇ ಪ್ರಮಾಣ. ಮತ್ತೊಂದು ಕಡೆ 'ಮೌಲ್ಯ'ಗಳ ಖಾಸಗಿ ಕ್ಷೇತ್ರ. ಅಲ್ಲಿ ಯಾರು ಏನನ್ನಾದರೂ ನಂಬಬಹುದು, ಏಕೆಂದರೆ ಅದರಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಮತಧರ್ಮಕ್ಕೆ ದೊರೆತದ್ದು ಈ ಎರಡನೆಯ ಕೋಣೆ. ಧರ್ಮಸಭೆಗಳು ಈ ಏರ್ಪಾಟನ್ನು ಮರುಮಾತಿಲ್ಲದೆ ಒಪ್ಪಿಕೊಂಡವು. ಇದೇ ಅವುಗಳ ಪತನವೆಂದು ನ್ಯೂಬಿಗಿನ್ನರ ನಿಲವು.

ಹಂಗೇರಿಯಲ್ಲಿ ಹುಟ್ಟಿದ ರಸಾಯನಶಾಸ್ತ್ರಜ್ಞ, ತತ್ತ್ವಚಿಂತಕ ಮೈಕೇಲ್ ಪೊಲಾನಿಯವರ 'ಪರ್ಸನಲ್ ನಾಲೆಜ್' (೧೯೫೮) ಗ್ರಂಥದಿಂದ ಅವರು ಇನ್ನೊಂದು ಬಲವಾದ ಆಧಾರವನ್ನು ಪಡೆದರು. ವಿಜ್ಞಾನಿಯೂ ಒಂದು ಪರಂಪರೆಯನ್ನು ನಂಬಿಯೇ ಕೆಲಸವನ್ನಾರಂಭಿಸುತ್ತಾನೆ; ನಂಬಿಕೆಯಿಲ್ಲದೆ ಅರಿವು ಮೊದಲಾಗುವುದೇ ಇಲ್ಲ. ಹಾಗಾದಲ್ಲಿ ಲೌಕಿಕ ಸಮಾಜವು ತಾನು ಎಲ್ಲ ನಂಬಿಕೆಗಳಿಗೂ ಮೇಲಿನ ತಟಸ್ಥ ನ್ಯಾಯಾಧೀಶನೆಂದು ಹೇಳಿಕೊಳ್ಳುವುದು ಸಲ್ಲದು. ಅದೂ ಒಂದು ನಂಬಿಕೆಯೇ. ಅಷ್ಟು ಮಾತ್ರವಲ್ಲ, ಅಂಥ ಸಮಾಜ ನಿಜವಾಗಿ ಲೌಕಿಕವೂ ಅಲ್ಲ. ಅದಕ್ಕೆ ತನ್ನದೇ ಆದ ದೇವತೆಗಳಿವೆ ಎನ್ನುತ್ತಾರೆ ಅವರು.

ಇಸ್ಲಾಂ ಈ ವಾದದೊಳಗೆ ಪ್ರವೇಶಿಸುವುದು ಇಲ್ಲಿಯೇ. ಬ್ರಿಟನ್ನಿನ ಕ್ರೈಸ್ತರು ಒಪ್ಪಿಕೊಂಡ ವಿಭಜನೆಯನ್ನು ಅಲ್ಲಿನ ಮುಸ್ಲಿಮರಲ್ಲಿ ಅನೇಕರು ಒಪ್ಪಲಿಲ್ಲ. ದೇವರ ಆಜ್ಞೆ ಮನೆಗೊಂದು, ಮಾರುಕಟ್ಟೆಗೊಂದು ಆಗಲಾರದೆಂದು ಅವರು ತಿಳಿದಿದ್ದರು. ಸಲ್ಮಾನ್ ರಷ್ದಿಯವರ 'ದ ಸಟಾನಿಕ್ ವರ್ಸಸ್' ಕಾದಂಬರಿ ೧೯೮೮ರ ಸೆಪ್ಟೆಂಬರಿನಲ್ಲಿ ಪ್ರಕಟವಾಗಿ, ೧೯೮೯ರ ಜನವರಿ ೧೪ರಂದು ಬ್ರಾಡ್‌ಫರ್ಡಿನಲ್ಲಿ ಅದರ ಪ್ರತಿಯನ್ನು ಸುಟ್ಟಾಗ, ಫೆಬ್ರವರಿ ೧೪ರಂದು ಇರಾನಿನ ಖೊಮೇನಿಯವರು ಮರಣಶಾಸನದ ಫತ್ವಾ ಹೊರಡಿಸಿದಾಗ, ಈ ಭಿನ್ನತೆ ಲೋಕಕ್ಕೆಲ್ಲ ಕಾಣಿಸಿತು. ಇಂಗ್ಲೆಂಡಿನ ದೇವನಿಂದೆಯ ಕಾನೂನು ಕ್ರೈಸ್ತಮತವನ್ನು ಮಾತ್ರ ರಕ್ಷಿಸುತ್ತದೆ, ಇಸ್ಲಾಮಿಗೆ ಅನ್ವಯಿಸದು ಎಂದು ೧೯೯೦ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ತಟಸ್ಥವೆಂದು ಹೇಳಿಕೊಳ್ಳುತ್ತಿದ್ದ ರಾಜ್ಯ ತಟಸ್ಥವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಆ ಕಾನೂನು ರದ್ದಾದದ್ದು ೨೦೦೮ರಲ್ಲಿ.

ಈ ಭಾಗದಲ್ಲಿ ನ್ಯೂಬಿಗಿನ್ನರ ವಾದ ಬಲವಾದುದು, ಪ್ರಾಮಾಣಿಕವಾದುದು. ಇತಿಹಾಸದ ಅಧ್ಯಾಪಕನಾದವನು ಇದನ್ನು ಅಲ್ಲಗಳೆಯುವುದು ಕಠಿಣ. ಎಲ್ಲಿಯೂ ನಿಲ್ಲದೆ ಎಲ್ಲವನ್ನೂ ನೋಡುತ್ತೇನೆನ್ನುವ ಚರಿತ್ರಕಾರನು ತನ್ನ ಕಾಲಡಿಯ ನೆಲವನ್ನು ಮಾತ್ರ ನೋಡಿರುವುದಿಲ್ಲ.

೪

ತೊಡಕು ಆರಂಭವಾಗುವುದು ಮುಂದಿನ ಹೆಜ್ಜೆಯಲ್ಲಿ. 'ಫೇತ್ ಅಂಡ್ ಪವರ್' ಗ್ರಂಥದಲ್ಲಿ ಕಾಣುವ ಇಸ್ಲಾಂ ಬಹುಮಟ್ಟಿಗೆ ಏಕರೂಪವಾದುದು: ಮತವನ್ನೂ ರಾಜ್ಯವನ್ನೂ ಬೇರ್ಪಡಿಸದ, ಸಾರ್ವಜನಿಕ ಅಧಿಕಾರವನ್ನು ಸ್ವಭಾವತಃ ಬಯಸುವ ಇಸ್ಲಾಂ. ಲೌಕಿಕ ಸಮಾಜ ಒಳಗಿನಿಂದ ಟೊಳ್ಳಾಗಿದೆ; ಆ ಟೊಳ್ಳನ್ನು ತುಂಬಲು ಇಸ್ಲಾಂ ಸಿದ್ಧವಾಗಿದೆ; ಆದುದರಿಂದ ಕ್ರೈಸ್ತರು ಎಚ್ಚತ್ತು ಸಮಾಜಕ್ಕೆ ತಮ್ಮ ದರ್ಶನವನ್ನು ನೀಡಬೇಕು. ವಾದದ ಓಟ ಹೀಗಿದೆ. ಇಲ್ಲಿ ಇಸ್ಲಾಂ ಎರಡು ಪಾತ್ರಗಳನ್ನು ವಹಿಸುತ್ತದೆ. ಒಮ್ಮೆ ಕ್ರೈಸ್ತರಿಗೆ ಧೈರ್ಯದ ಪಾಠ ಹೇಳುವ ಗುರು. ಇನ್ನೊಮ್ಮೆ ಅವರನ್ನು ಎಚ್ಚರಿಸುವ ಬೆದರಿಕೆ. ಅದು ಎಲ್ಲಿಯೂ ತನ್ನ ಬಾಯಿಂದ ತನ್ನ ಮಾತನ್ನು ಆಡುವ ನೆರೆಯವನಾಗುವುದಿಲ್ಲ.

ಈ ಏಕರೂಪದ ಚಿತ್ರಕ್ಕೆ ವಿರುದ್ಧವಾದ ಸಾಕ್ಷ್ಯ ಗ್ರಂಥದ ಸಹಲೇಖಕರ ಕೈಯಲ್ಲಿಯೇ ಇತ್ತು. ಲಾಮಿನ್ ಸಾನೆಯವರು ಗ್ಯಾಂಬಿಯದ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ, ಕ್ರೈಸ್ತರಾಗಿ, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದವರು, ೨೦೧೯ರಲ್ಲಿ ತೀರಿಕೊಂಡರು. ೧೯೭೯ರಲ್ಲಿ ಅವರು ಪ್ರಕಟಿಸಿದ ಸಂಶೋಧನೆಯ ವಿಷಯ ಪಶ್ಚಿಮ ಆಫ್ರಿಕದ ಜಖಾಂಕೆ ಎಂಬ ಮುಸ್ಲಿಂ ಪಂಡಿತರ ಸಮುದಾಯ. ಈ ಪಂಡಿತರು ತಲೆಮಾರುಗಳ ಕಾಲ ಯುದ್ಧವನ್ನೂ ರಾಜಪದವಿಯನ್ನೂ ದೂರವಿಟ್ಟು, ಪಾಠಶಾಲೆಗಳ ಮೂಲಕ ಇಸ್ಲಾಮನ್ನು ಹರಡಿದವರು. ಅಧಿಕಾರದ ಸಹವಾಸ ಶ್ರದ್ಧೆಯನ್ನು ಕೆಡಿಸುತ್ತದೆಂಬ ತಿಳಿವಳಿಕೆ ಅವರಲ್ಲಿತ್ತು. ಇದೇ ವಿಷಯವನ್ನು ಸಾನೆಯವರು ೨೦೧೬ರ 'ಬಿಯಾಂಡ್ ಜಿಹಾದ್' ಗ್ರಂಥದಲ್ಲಿ ಮತ್ತೆ ವಿಸ್ತರಿಸಿದರು. ಆಫ್ರಿಕದ ಕುರಿತು ಬರೆಯುವಾಗ ಕಂಡ ಇಸ್ಲಾಮಿನ ಈ ಮುಖಕ್ಕೆ ಬ್ರಿಟನ್ನಿನ ಕುರಿತ ಗ್ರಂಥದಲ್ಲಿ ಸಲ್ಲಬೇಕಾದ ತೂಕ ಸಂದಿಲ್ಲ.

ಬ್ರಿಟನ್ನಿನ ಮುಸ್ಲಿಮರ ನಡುವಿನಿಂದಲೂ ಬೇರೆ ದನಿ ಕೇಳುತ್ತಿತ್ತು. ಸಮಾಜಶಾಸ್ತ್ರಜ್ಞ ತಾರಿಕ್ ಮೊದೂದರು ೧೯೯೦ರ ದಶಕದಲ್ಲಿಯೇ ಒಂದು ವಿಚಿತ್ರ ಸಂಗತಿಯತ್ತ ಗಮನ ಸೆಳೆದಿದ್ದರು: ಇಂಗ್ಲೆಂಡಿನ ಧರ್ಮಸಭೆಗೆ ರಾಜ್ಯದಲ್ಲಿರುವ ಅಧಿಕೃತ ಸ್ಥಾನವನ್ನು ಕಿತ್ತುಹಾಕಬೇಕೆಂಬ ಕೂಗು ಅಲ್ಪಸಂಖ್ಯಾತ ಮತಗಳಿಂದ ಬಂದದ್ದಲ್ಲ. ಮತವೆಂಬುದಕ್ಕೆ ಸಾರ್ವಜನಿಕ ಜೀವನದಲ್ಲಿ ಒಂದಿಷ್ಟು ಜಾಗವಿದ್ದರೆ ತಮಗೂ ಅದರ ಪಕ್ಕದಲ್ಲಿ ಜಾಗ ಸಿಕ್ಕೀತೆಂಬುದು ಅವರ ನಿರೀಕ್ಷೆ. ಇದು ಮನೆಯನ್ನು ವಶಪಡಿಸಿಕೊಳ್ಳಲು ಬಂದವರ ಮಾತಲ್ಲ. ಪಂಕ್ತಿಯಲ್ಲಿ ಒಂದು ಎಲೆ ಕೇಳುವವರ ಮಾತು.

ಇಲ್ಲಿ ನ್ಯೂಬಿಗಿನ್ನರ ಸಮಕಾಲೀನ ಕೆನೆತ್ ಕ್ರ್ಯಾಗರನ್ನು (೧೯೧೩-೨೦೧೨) ನೆನೆಯುವುದು ಆವಶ್ಯಕ. ಇವರೂ ಬಿಷಪ್ಪರು. ೧೯೫೬ರಲ್ಲಿ ಪ್ರಕಟವಾದ ಇವರ 'ದ ಕಾಲ್ ಆಫ್ ದ ಮಿನರೆಟ್' ಇಸ್ಲಾಮಿನ ವಿಷಯವಾದ ಕ್ರೈಸ್ತ ಬರಹದಲ್ಲಿ ಒಂದು ತಿರುವು. ಅಜಾನಿನ, ನಮ್ಮವರು ಬಾಂಗು ಎನ್ನುವ ಆ ಕರೆಯ, ಒಂದೊಂದು ಮಾತನ್ನೂ ಹಿಡಿದು ಇಸ್ಲಾಮಿನ ಒಳಗನ್ನು ವಿವರಿಸಿ, ಅನಂತರವೇ ಆ ಕರೆಯು ಕ್ರೈಸ್ತನಿಂದ ಏನನ್ನು ಬೇಡುತ್ತದೆಂದು ಅವರು ಕೇಳುತ್ತಾರೆ. ತಿಳಿವು, ಸೇವೆ, ವ್ಯಾಖ್ಯಾನ, ತಾಳ್ಮೆ ಇವು ಅವರು ಕೊಡುವ ಉತ್ತರಗಳಲ್ಲಿ ಮುಖ್ಯವಾದವು. ಎಲ್ಲ ಮತಗಳೂ ಒಂದೇ ಎಂಬ ಸುಲಭೋಕ್ತಿ ಅವರಲ್ಲಿಲ್ಲ. ಮುಸ್ಲಿಮನಿಗೆ ಕ್ರಿಸ್ತನ ಪೂರ್ಣ ಪರಿಚಯ ಆಗಬೇಕೆಂಬುದು ಅವರ ಬಯಕೆಯೂ ಹೌದು. ಆದರೆ ಮೊದಲು ಕಿವಿ, ಆಮೇಲೆ ಬಾಯಿ. ನ್ಯೂಬಿಗಿನ್ನರು ಕಾಂಚಿಯ ಸನ್ಯಾಸಿಗಳ ಮುಂದೆ ಅನುಸರಿಸಿದ ಕ್ರಮವೂ ಇದೇ ಆಗಿತ್ತು. ಬರ್ಮಿಂಗಮ್ಮಿನ ಮುಸ್ಲಿಂ ನೆರೆಯವರ ವಿಷಯದಲ್ಲಿ ಅದರ ಫಲ ಗ್ರಂಥದಲ್ಲಿ ಕಾಣಿಸದಿರುವುದು ಖೇದಕರ.

೫

ಇನ್ನು ಗ್ರಂಥದ ಕೇಂದ್ರಪ್ರಶ್ನೆಗೆ ಬರೋಣ. ಕ್ರೈಸ್ತ ದರ್ಶನದಿಂದ ರೂಪಿತವಾದ ಸಮಾಜದಲ್ಲಿ ಅನ್ಯಮತೀಯರ ಗತಿಯೇನು? ನ್ಯೂಬಿಗಿನ್ನರು ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದಿಲ್ಲ. ಮಧ್ಯಯುಗದ ಕ್ರೈಸ್ತ ಸಾಮ್ರಾಜ್ಯಕ್ಕೆ ಮರಳುವುದು ಅಸಾಧ್ಯವೆಂದೂ ಅನುಚಿತವೆಂದೂ ಅವರು ಬೇರೆ ಬೇರೆ ಕಡೆಗಳಲ್ಲಿ ಹೇಳಿದ್ದಾರೆ. ಅವರ ಉತ್ತರ ಹೀಗೆ: ಕ್ರಿಸ್ತನು ಬಲವನ್ನು ತ್ಯಜಿಸಿ ಶಿಲುಬೆಯನ್ನು ಆರಿಸಿಕೊಂಡನು, ಆದುದರಿಂದ ಶಿಲುಬೆಯ ಕೆಳಗೆ ನಿಂತ ಸಮಾಜವು ಯಾರ ಅಂತಃಕರಣವನ್ನೂ ಬಲಾತ್ಕರಿಸಲಾರದು, ಸ್ವಾತಂತ್ರ್ಯಕ್ಕೆ ಲೌಕಿಕ ಉದಾಸೀನತೆಗಿಂತ ಇದು ಭದ್ರವಾದ ಬುನಾದಿ. ಏನನ್ನೂ ನಂಬದವನ ಸಹನೆಗೂ, ನಂಬಿದ್ದನ್ನು ಬಿಡದೆಯೇ ಅನ್ಯನಿಗೆ ಎಡೆಗೊಡುವವನ ಸಹನೆಗೂ ಇರುವ ಅಂತರವನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ.

ಸಿದ್ಧಾಂತವಾಗಿ ಇದು ಉದಾತ್ತವಾದುದು. ಇತಿಹಾಸದ ಒರೆಗಲ್ಲಿಗೆ ಹಚ್ಚಿದರೆ ಏನಾಗುತ್ತದೆ? ೧೬೮೯ರ ಸಹಿಷ್ಣುತಾ ಶಾಸನವು ಕ್ಯಾಥೊಲಿಕರನ್ನೂ, ತ್ರಯೈಕ್ಯವನ್ನು ಒಪ್ಪದವರನ್ನೂ ಹೊರಗಿಟ್ಟಿತು. ಅಧಿಕೃತ ಧರ್ಮಸಭೆಗೆ ಸೇರದ ಪ್ರಾಟೆಸ್ಟಂಟರನ್ನು ಸರ್ಕಾರಿ ಹುದ್ದೆಗಳಿಂದ ದೂರವಿಟ್ಟಿದ್ದ ೧೬೭೩ರ ಟೆಸ್ಟ್ ಶಾಸನ ರದ್ದಾದದ್ದು ೧೮೨೮ರಲ್ಲಿ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು ೧೮೨೯ರಲ್ಲಿ. ಲಂಡನ್ ನಗರದಿಂದ ಆಯ್ಕೆಯಾಗಿದ್ದ ಯೆಹೂದಿ ಲಯನೆಲ್ ಡಿ ರಾಥ್‌ಚೈಲ್ಡರು ಹನ್ನೊಂದು ವರ್ಷ ಕಾದು ೧೮೫೮ರಲ್ಲಿ ತಮ್ಮ ಸ್ಥಾನದಲ್ಲಿ ಕುಳಿತರು. ಅದಕ್ಕೆ ಮೊದಲು ಬಿಷಪ್ಪರೂ ಕುಳಿತಿದ್ದ ಮೇಲ್ಮನೆ ಯೆಹೂದಿಗಳ ಪರವಾದ ಮಸೂದೆಯನ್ನು ಮತ್ತೆ ಮತ್ತೆ ತಿರಸ್ಕರಿಸಿತ್ತು. ನಿರೀಶ್ವರವಾದಿ ಚಾರ್ಲ್ಸ್ ಬ್ರ್ಯಾಡ್ಲಾ ೧೮೮೦ರಲ್ಲಿ ಆಯ್ಕೆಯಾಗಿ ೧೮೮೬ರವರೆಗೆ ಹೋರಾಡಬೇಕಾಯಿತು. ಶಿಲುಬೆಯ ಕೆಳಗೆ ನಿಂತಿದ್ದೇನೆಂದು ನಂಬಿದ್ದ ರಾಜ್ಯವು ಶಿಲುಬೆಯಿಂದ ಈ ಪಾಠವನ್ನು ಕಲಿಯಲು ಶತಮಾನಗಳನ್ನೇ ತೆಗೆದುಕೊಂಡಿತು. ಕಲಿತದ್ದೂ ಹೊರಗೆ ನಿಂತವರ ಒತ್ತಡದಿಂದ.

ಹಾಗೆಂದು ನ್ಯೂಬಿಗಿನ್ನರ ಮಾತು ಸುಳ್ಳೆಂದು ತೀರ್ಮಾನಿಸುವುದೂ ಅವಸರವಾದೀತು. ಕ್ರೈಸ್ತ ಶ್ರದ್ಧೆಯಿಂದಲೇ ಸ್ವಾತಂತ್ರ್ಯದ ವಾದ ಹುಟ್ಟಿದ್ದಕ್ಕೆ ಇಂಗ್ಲೆಂಡಿನಲ್ಲಿ ಒಂದು ಮಹತ್ತರವಾದ ದೃಷ್ಟಾಂತವಿದೆ. ಬ್ಯಾಪ್ಟಿಸ್ಟ್ ಪಂಥದ ಆದ್ಯರಲ್ಲಿ ಒಬ್ಬನಾದ ತಾಮಸ್ ಹೆಲ್ವಿಸ್ ೧೬೧೨ರಲ್ಲಿ ಒಂದು ಸಣ್ಣ ಗ್ರಂಥವನ್ನು ಪ್ರಕಟಿಸಿದನು. ಮನುಷ್ಯನಿಗೂ ದೇವರಿಗೂ ನಡುವಣ ವಿಷಯದಲ್ಲಿ ದೊರೆಗೆ ಅಧಿಕಾರವಿಲ್ಲ. ಪಾಷಂಡಿಗಳಾಗಲಿ, ಯೆಹೂದಿಗಳಾಗಲಿ, ತುರ್ಕರಾಗಲಿ, ಅವರನ್ನು ದಂಡಿಸುವುದು ಭೂಪತಿಗಳ ಕೆಲಸವಲ್ಲ ಎಂದು ಅದರಲ್ಲಿ ವಾದಿಸಿದನು. ಆ ಕಾಲದ ಇಂಗ್ಲಿಷಿನಲ್ಲಿ ತುರ್ಕನೆಂದರೆ ಮುಸ್ಲಿಮನೆಂದೇ ಅರ್ಥ. ದೊರೆ ಒಂದನೆಯ ಜೇಮ್ಸನು ಅವನನ್ನು ನ್ಯೂಗೇಟ್ ಸೆರೆಮನೆಗೆ ನೂಕಿದನು. ಕೆಲವೇ ವರ್ಷಗಳಲ್ಲಿ ಹೆಲ್ವಿಸ್ ಮಡಿದನು.

ಹೆಲ್ವಿಸನ ವಾದ ಪೂರ್ಣವಾಗಿ ಕ್ರೈಸ್ತವಾದುದು. ಲೌಕಿಕತೆಯ ಲೇಶವೂ ಅದರಲ್ಲಿಲ್ಲ. ಇದು ನ್ಯೂಬಿಗಿನ್ನರ ಪಕ್ಷಕ್ಕೆ ಬಲ. ಆದರೆ ಅದು ಸಿಂಹಾಸನದಿಂದ ಬಂದ ಮಾತಲ್ಲ, ಸೆರೆಮನೆಯಿಂದ ಬಂದ ಮಾತು. ಇದು ಅವರ ಪಕ್ಷಕ್ಕೆ ಎಚ್ಚರಿಕೆ. ಶ್ರದ್ಧೆಯು ಸ್ವಾತಂತ್ರ್ಯವನ್ನು ಪ್ರಸವಿಸಿದೆ, ನಿಜ. ಪ್ರಸವಿಸಿದ ಕಾಲದಲ್ಲಿ ಅದರ ಕೈಯಲ್ಲಿ ಅಧಿಕಾರವಿರಲಿಲ್ಲ. ಅಧಿಕಾರ ಬಂದ ಮೇಲೂ ಆ ಮಾತನ್ನು ಉಳಿಸಿಕೊಂಡವರಿಲ್ಲವೆ ಎಂದರೆ, ರೋಡ್ ಐಲೆಂಡ್ ವಸಾಹತನ್ನು ೧೬೩೬ರಲ್ಲಿ ಸ್ಥಾಪಿಸಿದ ರಾಜರ್ ವಿಲಿಯಮ್ಸನಂಥವರು ಇದ್ದಾರೆ. ಆದರೆ ಅವನು ಮಾಡಿದ್ದು ಕ್ರೈಸ್ತ ರಾಜ್ಯವನ್ನು ಕಟ್ಟುವ ಕೆಲಸವನ್ನಲ್ಲ. ರಾಜ್ಯವನ್ನು ಮತದಿಂದ ಬಿಡಿಸುವ ಕೆಲಸವನ್ನು.

೬

ಮೊದಲಿನಲ್ಲಿ ಹೇಳಿದ ಪದಭೇದದ ಪ್ರಯೋಜನ ಈಗ ಕಾಣಿಸುವುದು. ನ್ಯೂಬಿಗಿನ್ನರು ಖಂಡಿಸುವುದು ಲೌಕಿಕತೆಯನ್ನು. ಆದರೆ ಅವರ ಪೆಟ್ಟು ಹಲವು ಬಾರಿ ಮತನಿರಪೇಕ್ಷತೆಯ ಮೇಲೂ ಬೀಳುತ್ತದೆ. ಈ ಎರಡರ ವ್ಯತ್ಯಾಸವನ್ನು ಅವರ ಬಳಿಕ ಸ್ಪಷ್ಟಪಡಿಸಿದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಾಗಿದ್ದ ರೋವನ್ ವಿಲಿಯಮ್ಸ್. ೨೦೦೬ರ ನವೆಂಬರಿನಲ್ಲಿ ರೋಮಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಎರಡು ಬಗೆಯ ಸೆಕ್ಯುಲರ್ ನೀತಿಗಳನ್ನು ಬೇರ್ಪಡಿಸಿದರು. ಒಂದು ಮತವನ್ನು ಸಾರ್ವಜನಿಕ ಬಾಳಿನಿಂದಲೇ ತೆಗೆದುಹಾಕುವ ಕಾರ್ಯಕ್ರಮವುಳ್ಳದ್ದು. ಇನ್ನೊಂದು ಎಲ್ಲ ಮತಗಳಿಗೂ ಮಾತಾಡಲು ಅವಕಾಶವಿತ್ತು ತಾನು ನಡೆವಳಿಯ ನಿಯಮಗಳನ್ನಷ್ಟೇ ಕಾಯುವಂಥದು. ಎರಡನೆಯದನ್ನು ಕ್ರೈಸ್ತನು ಮನಸಾರೆ ಒಪ್ಪಬಹುದೆಂಬುದು ಅವರ ಅಭಿಪ್ರಾಯ.

ಇದೇ ವಿಲಿಯಮ್ಸರು ೨೦೦೮ರ ಫೆಬ್ರವರಿ ೭ರಂದು ಲಂಡನ್ನಿನ ನ್ಯಾಯಾಲಯ ಭವನದಲ್ಲಿ, ಇಂಗ್ಲೆಂಡಿನ ಕಾನೂನು ಮತ್ತು ಮತೀಯ ಕಾನೂನುಗಳ ವಿಷಯವಾಗಿ ಮಾತಾಡಿದರು. ಯೆಹೂದಿಗಳ ಧಾರ್ಮಿಕ ನ್ಯಾಯಪೀಠಗಳಂತೆ ಷರೀಯತ್ತಿನ ಕೆಲವು ಅಂಶಗಳಿಗೂ ಮಿತವಾದ ಮನ್ನಣೆ ಸಾಧ್ಯವೇ ಎಂಬುದು ಅವರೆತ್ತಿದ ಪ್ರಶ್ನೆ. ದೇಶದ ಕಾನೂನು ನೀಡಿದ ಹಕ್ಕನ್ನು, ವಿಶೇಷವಾಗಿ ಸ್ತ್ರೀಯರ ಹಕ್ಕನ್ನು, ಯಾವ ಮತೀಯ ಪೀಠವೂ ಕಸಿಯಬಾರದೆಂಬ ನಿಬಂಧನೆಯೂ ಅಲ್ಲಿತ್ತು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು, ರಾಜೀನಾಮೆಯ ಬೇಡಿಕೆಯೂ ಬಂದಿತು. ಒಬ್ಬ ಕ್ರೈಸ್ತ ಗುರು ಮುಸ್ಲಿಮರ ಸಾರ್ವಜನಿಕ ಸ್ಥಾನಕ್ಕಾಗಿ ವಾದಿಸಿದಾಗ ಲೌಕಿಕ ಸಮಾಜ ಬೆಚ್ಚಿದ ರೀತಿಯನ್ನು ನೋಡಿದರೆ, ನ್ಯೂಬಿಗಿನ್ನರ ರೋಗನಿದಾನ ಸರಿಯೆಂದೇ ತೋರುತ್ತದೆ. ಆದರೆ ವಿಲಿಯಮ್ಸರು ಸೂಚಿಸಿದ ಔಷಧ ಬೇರೆ.

ನಮಗೆ ಆಶ್ಚರ್ಯವಾಗುವ ಸಂಗತಿ ಇನ್ನೊಂದುಂಟು. ಮತನಿರಪೇಕ್ಷ ರಾಜ್ಯದ ಸ್ವಾನುಭವ ನ್ಯೂಬಿಗಿನ್ನರಿಗೆ ಇದ್ದಷ್ಟು ಬ್ರಿಟನ್ನಿನ ಇತರ ಕ್ರೈಸ್ತ ಚಿಂತಕರಲ್ಲಿ ಹೆಚ್ಚು ಜನರಿಗೆ ಇರಲಿಲ್ಲ. ನಮ್ಮ ಸಂವಿಧಾನದ ೨೫ನೆಯ ಅನುಚ್ಛೇದವು ಮತವನ್ನು ಅವಲಂಬಿಸುವ, ಆಚರಿಸುವ ಹಕ್ಕಿನೊಡನೆ ಪ್ರಚಾರಮಾಡುವ ಹಕ್ಕನ್ನೂ ಕೊಟ್ಟಿದೆ. ೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ 'ಪ್ರಚಾರ' ಎಂಬ ಮಾತಿಗೆ ಆಕ್ಷೇಪಗಳು ಬಂದಾಗ ಅದನ್ನು ಉಳಿಸಬೇಕೆಂದು ವಾದಿಸಿದವರಲ್ಲಿ ಟಿ. ಟಿ. ಕೃಷ್ಣಮಾಚಾರಿ, ಕೆ. ಎಂ. ಮುನ್ಷಿ ಮೊದಲಾದ ಹಿಂದೂ ಸದಸ್ಯರಿದ್ದರು. ಮಧುರೆಯಲ್ಲಿಯೂ ಮದರಾಸಿನಲ್ಲಿಯೂ ಸುವಾರ್ತೆಯನ್ನು ಸಾರಲು ಬಿಷಪ್ಪರಿಗಿದ್ದ ಹಕ್ಕು ನಿಂತಿದ್ದುದು ಶಿಲುಬೆಯ ಮೇಲಲ್ಲ. ಬಹುಸಂಖ್ಯಾತರು ಕ್ರೈಸ್ತರಲ್ಲದ ಒಂದು ಸಭೆ ಮಾಡಿಕೊಂಡ ಪ್ರತಿಜ್ಞೆಯ ಮೇಲೆ. ೧೯೬೬ರ 'ಆನೆಸ್ಟ್ ರಿಲಿಜನ್ ಫಾರ್ ಸೆಕ್ಯುಲರ್ ಮ್ಯಾನ್' ಗ್ರಂಥದಲ್ಲಿ ಅವರು ಲೌಕಿಕೀಕರಣವನ್ನು ಬಹಳ ಮಟ್ಟಿಗೆ ಸ್ವಾಗತಿಸಿದ್ದರೆಂಬುದನ್ನೂ ಮರೆಯಲಾಗದು. ೧೯೭೦ರ ದಶಕದ ಆದಿಯಲ್ಲಿ, ಬೆಂಗಳೂರಿನ ಮತ-ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಂ. ತಾಮಸರೊಡನೆ ಅವರಿಗೆ ನಡೆದ ಪ್ರಸಿದ್ಧ ವಾಗ್ವಾದದ ವಿಷಯವೂ ಇದಕ್ಕೆ ಸಮೀಪದ್ದೇ. ಅನ್ಯಮತೀಯರೊಡನೆ ಸೇರಿ ಮಾನವ ಘನತೆಗಾಗಿ ಹೋರಾಡುವ ಲೌಕಿಕ ಸಹಬಾಳ್ವೆಯಲ್ಲಿಯೇ ಕ್ರಿಸ್ತನ ಸಾನ್ನಿಧ್ಯವನ್ನು ಕಾಣಬಹುದೆಂದು ತಾಮಸರು ವಾದಿಸಿದರು. ಧರ್ಮಸಭೆಯೆಂಬ ಗೋಚರ ಸಮುದಾಯವಿಲ್ಲದೆ ಅದು ಪೂರ್ಣವಾಗದೆಂದು ನ್ಯೂಬಿಗಿನ್ನರು ಉತ್ತರಿಸಿದರು. ಈ ವಾಗ್ವಾದದ ಮುಕ್ತಾಯ ನಮ್ಮ ನೆಲದಲ್ಲಿ ಆಗಲಿಲ್ಲ. ಬರ್ಮಿಂಗಮ್ಮಿನಲ್ಲಿ ಅದನ್ನು ಮುಂದುವರಿಸುವಾಗ ತಾಮಸರ ಪಕ್ಷದ ಮಾತು ಅವರಿಗೆ ಇನ್ನಷ್ಟು ನೆನಪಿರಬೇಕಾಗಿತ್ತು. ಮದರಾಸಿನ ಅಲ್ಪಸಂಖ್ಯಾತ ಬಿಷಪ್ಪರು ಬರ್ಮಿಂಗಮ್ಮಿನ ಬಹುಸಂಖ್ಯಾತ ಪಾದ್ರಿಯನ್ನು ಎದುರು ಕೂರಿಸಿಕೊಂಡು ಪ್ರಶ್ನಿಸಿದ್ದರೆ, 'ಫೇತ್ ಅಂಡ್ ಪವರ್' ಬೇರೊಂದು ಗ್ರಂಥವಾಗುತ್ತಿತ್ತು.

೭

ಗ್ರಂಥ ಪ್ರಕಟವಾಗಿ ಎರಡು ದಶಕಗಳಿಗೂ ಮೀರಿ ಸಂದಿವೆ. ಅದರ ಭವಿಷ್ಯವಾಣಿ ಎಷ್ಟು ಫಲಿಸಿತು? ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ೨೦೦೧ರ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಬರೆಸಿದವರು ನೂರಕ್ಕೆ ೭೧.೭, ೨೦೨೧ರಲ್ಲಿ ೪೬.೨. ಮುಸ್ಲಿಮರು ನೂರ‍ಕ್ಕೆ ೩ರಿಂದ ೬.೫ಕ್ಕೆ ಏರಿದರು. ಯಾವ ಮತವೂ ಇಲ್ಲವೆಂದವರು ೨೦೨೧ರಲ್ಲಿ ೩೭.೨. ಈ ಅಂಕಿಗಳು ಹೇಳುವುದೇನು? ಕ್ರೈಸ್ತಮತ ಬಿಟ್ಟುಕೊಟ್ಟ ಸ್ಥಳವನ್ನು ಇಸ್ಲಾಂ ತುಂಬಿಲ್ಲ. ಅದನ್ನು ಬಹುಪಾಲು ತುಂಬಿರುವುದು ಏನನ್ನೂ ಬರೆಸದವರ ಸಾಲು. ತಣ್ಣನೆಯ ತಾತ್ಸಾರದ ವಿಷಯದಲ್ಲಿ ನ್ಯೂಬಿಗಿನ್ನರ ಕಣ್ಣು ಸರಿಯಾಗಿ ಕಂಡಿತ್ತು. ಇಸ್ಲಾಮಿನ ವಿಷಯದಲ್ಲಿ ಅವರ ಆತಂಕ ಕಣ್ಣಿಗಿಂತ ಮುಂದೆ ಓಡಿತ್ತು.

ಕೊನೆಯದಾಗಿ ಕ್ರ್ಯಾಗರ ಒಂದು ವಿಚಾರವನ್ನು ಇಲ್ಲಿ ಸೇರಿಸಬಹುದು. ಪೈಗಂಬರರು ೬೨೨ರಲ್ಲಿ ಮದೀನಕ್ಕೆ ಹಿಜರತ್ ಹೋಗಿ ರಾಜ್ಯವನ್ನು ಕಟ್ಟುವುದಕ್ಕೆ ಮೊದಲು, ಮೆಕ್ಕದಲ್ಲಿ ಸುಮಾರು ಹನ್ನೆರಡು ವರ್ಷ ಅಧಿಕಾರದ ಆಸರೆಯಿಲ್ಲದೆ ಬರಿಯ ಮಾತಿನಿಂದ ತಮ್ಮ ಸಂದೇಶವನ್ನು ಸಾರಿದರು. ಪಶ್ಚಿಮದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಮುಸ್ಲಿಮರು ಆ ಮೆಕ್ಕದ ಕಾಲಕ್ಕೆ ಮರಳಬಹುದೆಂದು ಕ್ರ್ಯಾಗರು ಸೂಚಿಸಿದರು. ಅನ್ಯಮತದವನು ತನ್ನ ಚರಿತ್ರೆಯ ಯಾವ ಅರ್ಧವನ್ನು ಆರಿಸಿಕೊಳ್ಳಬೇಕೆಂದು ಹೊರಗಿನವರು ಉಪದೇಶಿಸುವುದು ಸ್ವಲ್ಪ ಧಾರ್ಷ್ಟ್ಯವೇ ಸರಿ. ಆ ಆಯ್ಕೆ ಮುಸ್ಲಿಮರದು. ಆದರೆ ಹೆಲ್ವಿಸನ ಸೆರೆಮನೆಯನ್ನೂ, ಜಖಾಂಕೆಯರ ಪಾಠಶಾಲೆಯನ್ನೂ, ಮೆಕ್ಕದ ಆ ವರ್ಷಗಳನ್ನೂ ಒಟ್ಟಿಗೆ ಇರಿಸಿ ನೋಡಿದಾಗ ಒಂದು ಸತ್ಯ ಹೊಳೆಯುತ್ತದೆ: ಅಧಿಕಾರವಿಲ್ಲದೆ ಬಾಳಿದ ಶ್ರದ್ಧೆಯ ನೆನಪು ಎರಡು ಪರಂಪರೆಗಳಲ್ಲಿಯೂ ಉಂಟು. ಲೌಕಿಕ ಸಮಾಜ ಎರಡಕ್ಕೂ ಮಾಡಿರುವ ಉಪಕಾರವೇನಾದರೂ ಇದ್ದರೆ, ಆ ನೆನಪನ್ನು ಮರಳಿ ತಂದುಕೊಟ್ಟಿರುವುದೇ.

ನ್ಯೂಬಿಗಿನ್ನರು ತಮ್ಮ ಗ್ರಂಥದ ಹೆಸರಿನಲ್ಲಿ ಎರಡು ಪದಗಳನ್ನು ಜೋಡಿಸಿದರು. ಶ್ರದ್ಧೆಯ ವಿಷಯದಲ್ಲಿ ಅವರು ಹೇಳಿದ್ದರಲ್ಲಿ ಬಹುಭಾಗ ಉಳಿಯುವಂಥದು: ಶ್ರದ್ಧೆಯನ್ನು ಒಳಕೋಣೆಯಲ್ಲಿ ಕೂಡಿಹಾಕಲಾಗದು; ತಟಸ್ಥನೆನ್ನುವವನೂ ಎಲ್ಲೋ ನಿಂತಿದ್ದಾನೆ; ನಂಬಿದವನು ನಂಬಿದ್ದನ್ನು ಬಯಲಲ್ಲಿ ಹೇಳಬೇಕು. ಅಧಿಕಾರದ ವಿಷಯದಲ್ಲಿ ಮಾತ್ರ ಅವರ ಭಾರತದ ಬಾಳು ಅವರ ಇಂಗ್ಲಿಷ್ ಗ್ರಂಥಕ್ಕಿಂತ ಉತ್ತಮವಾದ ಭಾಷ್ಯ. ಕಾಂಚಿಯ ಆಶ್ರಮದ ನೆಲದ ಮೇಲೆ ಯಾರ ಕೈಯಲ್ಲಿಯೂ ಅಧಿಕಾರವಿರಲಿಲ್ಲ; ಇಬ್ಬರ ಮುಂದೆಯೂ ಗ್ರಂಥಗಳಿದ್ದವು; ಇಬ್ಬರೂ ತಮ್ಮ ತಮ್ಮ ನಂಬಿಕೆಯನ್ನು ಬಿಡದೆಯೇ ಓದಿದರು. ಕ್ರೈಸ್ತರೂ ಮುಸ್ಲಿಮರೂ ಒಂದೇ ಬೀದಿಯಲ್ಲಿ ವಾಸಿಸುವ ಯೂರೋಪಿನ ನಗರಗಳಿಗೆ ಮಾತ್ರವಲ್ಲ, ಹಲವು ಮತಗಳ ವಿದ್ಯಾರ್ಥಿಗಳು ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವ ನಮ್ಮ ತರಗತಿಗಳಿಗೂ ಅದಕ್ಕಿಂತ ಒಳ್ಳೆಯ ಮಾದರಿ ಬೇಕಾಗಿಲ್ಲ.